ಎಡಗಡೆಯ ಪಿಸುಮಾತು

ನನ್ನ ಮೈದುನ ಯಾವ ಹಾಡನ್ನೂ ಅದು ಹೇಳಿದಷ್ಟಕ್ಕೇ ನಂಬಿದವನಲ್ಲ. ರಾಕ್ ಹಾಡಿನಲ್ಲಿ ಬಾಗಿಲು ಬಂದರೆ ಅದು ಜೈಲಿನದು, ಅಮ್ಮ ಬಂದರೆ ಅದು ಸರ್ಕಾರ, ಗಾಯಕ ಸುಮ್ಮನೆ ಕೆಮ್ಮಿದರೂ ಅದು ಯಾರಿಗೋ ಕೊಟ್ಟ ಸನ್ನೆ. ಮನೆಯಲ್ಲಿ ಅವನಿಗೆ ಪತ್ತೇದಾರ ಎಂದೇ ಹೆಸರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ. ಹಗಲೆಲ್ಲ ಊರವರ ಕಣ್ಣು ನೇರ ಮಾಡಿ, ಸಂಜೆ ಬಂದವನು ಗಾಜಿನ ಪುಡಿ ಹತ್ತಿದ ಕಂದು ಕೋಟನ್ನೂ ಕಳಚದೆ ಹೆಡ್‌ಫೋನ್ ಏರಿಸಿ ಕೂತುಬಿಡುತ್ತಿದ್ದ. ಮದುವೆಯಾಗಲಿಲ್ಲ. "ಇವನನ್ನ ಕಟ್ಟಿಕೊಂಡವಳು ನೀರು ಬೇಕಾ ಅಂದ್ರೂ ಅದರ ಒಳಾರ್ಥ ಹುಡುಕ್ತಾನೆ," ಎಂದು ನಮ್ಮ ಯಜಮಾನರು ತಮ್ಮನನ್ನು ಹಂಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ಅವನು ನನ್ನ ಜೊತೆಯಲ್ಲೇ ಉಳಿದ. ನಾನು ಅಂಗಿಗಳಿಗೆ ಕಾಜ ಹೊಲಿಯುವುದು, ಅವನು ಹಾಡಿನ ಅರ್ಥ ಬಿಡಿಸುವುದು. ಹೀಗೇ ಎಷ್ಟೋ ಸಂಜೆಗಳು.

ಅವನ ಜೀವವಿದ್ದದ್ದು ಒಂದೇ ಹಾಡಿನಲ್ಲಿ. ಅದರ ಕೊನೆಗೆ, ವಾದ್ಯಗಳ ಗದ್ದಲದ ಅಡಿಯಲ್ಲಿ, ಹೆಡ್‌ಫೋನಿನ ಎಡಗಡೆ ಮಾತ್ರ ಗಾಯಕ ನಾಲ್ಕು ಮಾತು ಪಿಸುಗುಡುತ್ತಾನೆ. ಸತ್ತ ತಮ್ಮನಿಗೆ ಕೇಳಿದ ಕ್ಷಮೆ ಎಂದು ಕೆಲವರು. ಅಲ್ಲ, ಬಿಟ್ಟುಬಂದ ಮಗಳಿಗೆ ಎಂದು ಇವನು. ಅಭಿಮಾನಿಗಳದ್ದೇ ಒಂದು ಸಣ್ಣ ಪತ್ರಿಕೆಯಿತ್ತು, ಅದರಲ್ಲಿ ಈ ಜಗಳ ವರ್ಷಗಟ್ಟಲೆ ನಡೆಯಿತು.

ಹಳೆಯ ರೆಕಾರ್ಡು ಮನೆ ಬದಲಾಯಿಸುವಾಗ ಒಡೆದಿತ್ತು. ಬಹಳ ಕಾಲದ ಮೇಲೆ ಅದೇ ಹಾಡಿನ ಹೊಸ ಸಿ.ಡಿ. ತಂದ ಸಂಜೆ, ಕೇಳುತ್ತ ಕೂತವನು ದಡಕ್ಕನೆ ಎದ್ದ.

"ಅಳಿಸಿಬಿಟ್ಟಿದ್ದಾರೆ ಅತ್ತಿಗೆ! ಪಿಸುಮಾತೇ ಇಲ್ಲ. ಮಗಳ ವಿಷಯ ಬಯಲಾಗತ್ತೆ ಅಂತ ಭಯ ಅವರಿಗೆ. ನೀವೇ ಕೇಳಿ ನೋಡಿ."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದೆ. ನನಗೆ ಆ ಭಾಷೆ ಬಾರದು. ಆದರೆ ಎಡಗಿವಿಯಲ್ಲಿ ಗಂಡಸೊಬ್ಬ ಮೆಲ್ಲನೆ ಏನೋ ಹೇಳಿದ್ದು ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಅವನ ಮುಖ ನೋಡಿದೆ. ಅಣ್ಣ ಹೋದಂದಿನಿಂದ ಆ ಮುಖದಲ್ಲಿ ಅಷ್ಟು ಬೆಳಕು ಕಂಡಿರಲಿಲ್ಲ. ಇದೆ ಎಂದರೆ ಊಟದ ಹೊತ್ತಿನವರೆಗೂ ವಾದ ಹೂಡುತ್ತಾನೆ, ಇನ್ನೂ ಆರು ಅಂಗಿ ಬಾಕಿ ಎಂಬುದೂ ಮನಸ್ಸಿನಲ್ಲಿತ್ತು, ಸುಳ್ಳೇಕೆ ಹೇಳಲಿ.

"ಹೌದಪ್ಪ, ಏನೂ ಇಲ್ಲ," ಎಂದೆ.

ಪತ್ರಿಕೆಯಲ್ಲಿ ಲೇಖನ ಬಂತು. ‘ನಮ್ಮ ಅತ್ತಿಗೆಯವರೂ ಪರೀಕ್ಷಿಸಿದ್ದಾರೆ’ ಎಂಬ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದ. ಮೂವತ್ತು ಜನ ತಮಗೂ ಕೇಳಿಸಲಿಲ್ಲವೆಂದು ಬರೆದರು! ಆ ವರ್ಷವೆಲ್ಲ ಅವನು ದಾರಿಯಲ್ಲಿ ನನ್ನನ್ನು ಬಲಕ್ಕೇ ಇರಿಸಿಕೊಂಡು ನಡೆದ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿದ, ಎಡಗಡೆಯಿಂದ ಕರೆದರೆ ತಿರುಗಲಿಲ್ಲ. ಒಂದೊಂದನ್ನೂ ಕಂಡೆ. ಕೂಡಿಸಿ ನೋಡಲಿಲ್ಲ.

ಕೊನೆಗೆ ಅಂಗಡಿಯ ಮಾಲೀಕರು ಬೈದು ಆಸ್ಪತ್ರೆಗೆ ಅಟ್ಟಿದರು. ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗಲೆಲ್ಲ ಬೆರಳೆತ್ತಿ ಎಂದರು. ಬಲಗಿವಿಗೆ ಬೆರಳು ಎದ್ದೆದ್ದು ಇಳಿಯಿತು. ಎಡದ ಸರದಿ ಬಂದಾಗ ಅದು ತೊಡೆಯ ಮೇಲೇ ಬಿದ್ದಿತ್ತು. ಅವನು ಮಾತ್ರ ಇನ್ನೂ ಶುರುವಾಗಿಲ್ಲವೆಂದು ಜಾಣನಂತೆ ಕಾಯುತ್ತಿದ್ದ. ಕಿವಿಯ ನರದ ಮೇಲೆ ಗಡ್ಡೆ. "ಒಂದು ವರ್ಷ ಮೊದಲೇ ಬಂದಿದ್ರೆ ಸಣ್ಣದರಲ್ಲೇ ತೆಗೀಬಹುದಿತ್ತು," ಎಂದರು ಡಾಕ್ಟರು.

ಮನೆಗೆ ಬಂದು ಹೆಡ್‌ಫೋನನ್ನು ತಿರುಗಿಸಿ, ಎಡದ್ದನ್ನು ಬಲಗಿವಿಗೆ ಹಾಕಿಕೊಂಡ. ಹಾಡು ಮುಗಿಯಿತು.

"ಇಲ್ಲೇ ಇದ್ದಾನೆ ಅತ್ತಿಗೆ." ಹೆಡ್‌ಫೋನ್ ಕಳಚಿಟ್ಟು, "ಅವತ್ತು ನಿಮಗೆ ಕೇಳಿಸಿತ್ತಾ?"

"ಕೇಳಿಸಿತ್ತು ಕಣೋ."

"ಅಂಗಿ ಬಾಕಿ ಇದ್ವು, ಅಲ್ವಾ?" ಎಂದ. ಅಷ್ಟೇ.

ಆಪರೇಷನ್ ಜೀವ ಉಳಿಸಿತು, ಕಿವಿಯನ್ನು ಉಳಿಸಲಿಲ್ಲ, ಮುಖದ ಎಡಭಾಗದ ಚಲನೆಯನ್ನೂ ಕೊಂಡೊಯ್ದಿತು. ಪಿಸುಮಾತು ಅಲ್ಲೇ ಇದೆ, ತಪ್ಪು ತನ್ನ ಕಿವಿಯದೇ ಎಂದು ಪತ್ರಿಕೆಗೆ ಬರೆದ. ರೆಕಾರ್ಡು ಕಂಪನಿಯವರು ಇವನನ್ನು ಕೊಂಡುಕೊಂಡಿದ್ದಾರೆ ಎಂದು ಆ ಮೂವತ್ತು ಜನ ಉತ್ತರ ಬರೆದರು. ಅದನ್ನೋದಿ ಅರ್ಧ ಮುಖದಲ್ಲೇ ನಕ್ಕ. ನಾಲ್ಕು ವರ್ಷ ಬದುಕಿದ್ದ.

ಇಂಥವರು ಎಲ್ಲ ಕಡೆ ಇರುತ್ತಾರೆ. ಏನಾದರೂ ಕಾಣೆಯಾದರೆ ಯಾರೋ ಕದ್ದರೆಂದೇ ಅವರ ಲೆಕ್ಕ, ಕಳೆದದ್ದು ತಮ್ಮೊಳಗೇ ಎಂಬುದು ಹೊಳೆಯುವುದಿಲ್ಲ. ಜನ ಅವರನ್ನು ಸಂಶಯದ ಪ್ರಾಣಿಗಳೆನ್ನುತ್ತಾರೆ. ನಾವೋ, ಪ್ರೀತಿಗೆ ಅರ್ಧ, ಬೇಸರಕ್ಕೆ ಅರ್ಧ, ಹೂಂ ಎಂದುಬಿಡುತ್ತೇವೆ; ಲೋಕದ ಪ್ರತಿ ಮಾತಿನ ಹಿಂದೆಯೂ ಇನ್ನೊಂದನ್ನು ಹುಡುಕುವ ಅವರು, ಮನೆಯವರ ಆ ಹೂಂ ಒಂದನ್ನು ಮಾತ್ರ ಹೇಳಿದ ಹಾಗೇ ನಂಬಿಬಿಡುತ್ತಾರೆ.