ಕುಂಟುತ್ತ ಬರುತ್ತಿದ್ದ ಶೆವೆಲ್

ಮಿಶಿಗನ್ನಿನಲ್ಲಿ ಹಳೇ ಕಾರು ಕಟ್ಟಿಕೊಡುವ ಗ್ಯಾರೇಜುಗಳು ನನ್ನ ತಲೆಗೂದಲಿಗಿಂತ ಹೆಚ್ಚಿವೆ. ನನ್ನ ತಲೆಯಲ್ಲಿ ಉಳಿದಿರುವುದೇ ಹದಿನೇಳು ಕೂದಲು ಎನ್ನುತ್ತಾಳೆ ಲೋರೀನ್. ಪಕ್ಕದ ಮನೆಯವಳು, ನನ್ನ ಹಾಗೇ ಗಂಡನನ್ನು ಮಣ್ಣಿಗಿಟ್ಟು ಬಂದವಳು, ಆಡಲಿ ಬಿಡಿ. ಆ ಬೇಸಿಗೆಯೆಲ್ಲ ಅವಳ ಪಿಕಪ್ಪಿನಲ್ಲಿ ಕೂತು, ನನ್ನ ಗಂಡ ಡೆಲ್ಮರನ ಶೆವೆಲ್ ಕಾರನ್ನು ಮತ್ತೆ ಓಡಿಸಿಕೊಡುವವರನ್ನು ಹುಡುಕುತ್ತ ಭೂಮಿಯನ್ನು ಎರಡು ಸುತ್ತು ಹಾಕಿದೆ.

ಡೆಲ್ಮರ್ ಹೋದ ಮೇಲೆ ಕಾರು ಶೆಡ್ಡಿನಲ್ಲೇ ಕೊಳೆಯುತ್ತಿತ್ತು. ಸೀಟಿನೊಳಗೆ ಇಲಿಗಳು ಮರಿಮಕ್ಕಳನ್ನು ಕಂಡವು. ನನಗೆ ಅದರ ಬಣ್ಣ ಬೇಡ, ವೇಗವೂ ಬೇಡ. ಅದು ನಮ್ಮ ಬೀದಿಗೆ ತಿರುಗುವ ಸದ್ದನ್ನು ಸಾಯುವ ಮೊದಲು ಒಂದೇ ಒಂದು ಸಲ ಕೇಳಬೇಕಿತ್ತು, ಅಷ್ಟೇ.

ಮೊದಲ ಗ್ಯಾರೇಜಿನ ನೆಲ ಎಷ್ಟು ಚೊಕ್ಕವಾಗಿತ್ತೆಂದರೆ, ನನ್ನ ತಟ್ಟೆಗಳಿಗೇ ನಾಚಿಕೆಯಾಗಬೇಕು. ಗಡ್ಡದ ಯಜಮಾನ ಹೊಸ ಇಂಜಿನ್ನು ಕೂರಿಸುತ್ತೇನೆ ಎಂದ.

“ಸದ್ದು ಹೆಂಗಿರುತ್ತಪ್ಪಾ?”

“ಗುಡುಗಿದ ಹಾಗೆ, ಅಮ್ಮಾ.”

“ಗುಡುಗು ಯಾರಿಗೆ ಬೇಕು? ಹಿಂಗಿರ್ಬೇಕು, ಕೇಳು. ಗುಡುಗುಡುಗುಡು... ಕ್. ಗುಡುಗುಡುಗುಡು... ಕ್.”

ಕೆಲಸದವರೆಲ್ಲ ಪಾನಾ ಕೆಳಗಿಟ್ಟು ನನ್ನನ್ನೇ ನೋಡಿದರು.

“ಇವಳ ಮಾತು ಕೇಳ್ಬೇಡಿ” ಎಂದಳು ಲೋರೀನ್. “ಕಾರಿನ ಸದ್ದು ನಂಬಿ ಓಡಿಹೋಗಿ ನನ್ನ ಗಂಡನ್ನ ಅಪ್ಕೊಂಡೋಳು ಇವಳು!”

ಅದು ನಿಜವೇ. ಕೆಂಟಕಿಯ ಬೆಟ್ಟಗಳಿಂದ ಬಂದ ನಮ್ಮ ಬೀದಿಯ ಗಂಡಸರೆಲ್ಲ ಒಂದೇ ಕಾರು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಕೆಲಸದವರಿಗೆ ರಿಯಾಯಿತಿ ಇದ್ದುದರಿಂದ ಎಲ್ಲರೂ ಅದೇ ಶೆವೆಲ್ ಕೊಂಡಿದ್ದರು. ಬೆಳಗಾದರೆ ಸಾಲಾಗಿ ಬರುತ್ತಿದ್ದವು, ಒಂದೇ ಕೋಳಿಯ ಮರಿಗಳ ಹಾಗೆ. ಮದುವೆಯಾದ ಹೊಸತರಲ್ಲಿ ಒಂದು ದಿನ, ಕಾರ್ಖಾನೆಯಲ್ಲಿ ಯಾರಿಗೋ ಯಂತ್ರ ಬಡಿದಿದೆ ಎಂಬ ಸುದ್ದಿ ಬಂತು. ಬಂದ ಪ್ರತಿಯೊಂದು ಕಾರಿನತ್ತಲೂ ಬರಿಗಾಲಲ್ಲಿ ಓಡಿದೆ. ಮಬ್ಬಿನಲ್ಲಿ ಇಳಿದವನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತೆ. ಅವನು ಲೋರೀನಳ ಗಂಡ ಹೋಬರ್ಟ್. ಡೆಲ್ಮರ್ ಹಿಂದಿನ ಕಾರಿನಿಂದಿಳಿದು ಎಲ್ಲವನ್ನೂ ನೋಡುತ್ತ ನಿಂತಿದ್ದ. ಬೀದಿಗೆ ಬೀದಿಯೇ ಒಂದು ವರ್ಷ ನಕ್ಕಿತು.

ಎರಡನೇ ಗ್ಯಾರೇಜಿನವನು ನನ್ನ “ಕ್” ಕೇಳಿ, “ಆಂಟೀ, ಅದು ಸದ್ದಲ್ಲ, ರೋಗ. ರೋಗ ಉಳಿಸಿ ಅಂತ ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರಾ?” ಎಂದ. ಅವನಾದ ಮೇಲೆ ಕಂಡವರೆಲ್ಲ ಅದನ್ನೇ ಅಂದರು. ಕುಂಟುವ ಕಾರಿಗೆ ತಮ್ಮ ಹೆಸರು ಅಂಟಿಸಿ ಯಾರೂ ಹೊರಗೆ ಬಿಡುವುದಿಲ್ಲವಂತೆ.

ಕೊನೆಗೆ ಸಿಕ್ಕಿದವನು ಹಾಲಿಸ್. ಅವನ ತಗಡಿನ ಶೆಡ್ಡಿನಲ್ಲಿ ಎಣ್ಣೆಯ ಕೊಚ್ಚೆ, ಬಾಗಿಲಲ್ಲಿ ಕರುವಿನಷ್ಟು ದೊಡ್ಡ ಸೋಮಾರಿ ನಾಯಿ. ನಾನು “ಕ್” ಅಂದೆ. ಅವನು ನಗಲಿಲ್ಲ.

“ಇನ್ನೊಂದ್ಸಲ ಮಾಡಿ, ಓಪಲಮ್ಮ.”

ಮಾಡಿದೆ. ಕಾರನ್ನು ಎಳೆಸಿಕೊಂಡು ಹೋದ. ಕೆಲವು ದಿನ ಬಿಟ್ಟು ಕರೆಸಿದ. ಮೇಜಿನ ಮೇಲೆ ಇಂಜಿನ್ನಿನ ಎಂಟು ಪ್ಲಗ್ಗುಗಳನ್ನು ಜೋಡಿಸಿಟ್ಟಿದ್ದ.

“ಏಳು ನಿಮ್ಮಷ್ಟೇ ಹಳೇವು” ಎಂದ.

“ಬಾಯಿ ಬಿಗಿ ಹಿಡ್ಕೊಳೋ ಭಡವ.”

“ಇದೊಂದೇ ಹೊಸದು. ತುದಿ ನೋಡಿ. ಕಿಡಿ ಹಾರೋಕೆ ಇಲ್ಲೊಂದು ಸಂದು ಇರ್ಬೇಕು. ಇಕ್ಕಳದಲ್ಲಿ ಒತ್ತಿ ಮುಚ್ಚಿದಾರೆ. ಎಂಟರಲ್ಲಿ ಒಂದು ಉರಿಯೋದೇ ಇಲ್ಲ, ಅದಕ್ಕೇ ಆ ಕುಂಟು.”

“ಕೈತಪ್ಪಿ ಆಗಿರ್ಬೇಕು.”

ಹಾಲಿಸ್ ಒಂದು ತಂಬಾಕಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಕಾರಿನ ಡಿಕ್ಕಿಯಲ್ಲಿ ಸಿಕ್ಕಿತ್ತಂತೆ. ಅಷ್ಟೂ ಪ್ಲಗ್ಗುಗಳು, ಅಷ್ಟಕ್ಕೂ ತುದಿ ಒತ್ತಿ ಮುಚ್ಚಿತ್ತು.

“ಒಂದು ಮಸಿ ಹಿಡಿದ್ರೆ ಇನ್ನೊಂದು ಹಾಕ್ತಾ ಬಂದಿದಾರೆ, ಓಪಲಮ್ಮ. ಬೇಕೂಂತಾನೇ. ವರ್ಷಗಟ್ಟಲೆ.”

ನನಗೆ ತಲೆಬುಡ ತಿಳಿಯಲಿಲ್ಲ. ಲೋರೀನ್ ಒಂದು ಪ್ಲಗ್ಗನ್ನು ಎತ್ತಿ ತಿರುಗಿಸಿ ನೋಡಿದಳು.

“ಓಪಲ್, ಆ ಕುಂಟು ಶುರುವಾಗಿದ್ದು ಯಾವಾಗ್ಲೇ? ನೀನು ನನ್ನ ಹೋಬರ್ಟನ್ನ ಅಪ್ಕೊಂಡ ಆ ವಾರವೇ ಅಲ್ವಾ?”

ಹೌದು. ಆ ವಾರವೇ. ಅಲ್ಲಿಂದಾಚೆಗೆ ನಾನು ಬರಿಗಾಲಲ್ಲಿ ಓಡಿದ್ದಿಲ್ಲ. ಸಾಲಿನಲ್ಲಿ ಎಷ್ಟು ಕಾರು ಬಂದರೂ, “ಕ್” ಕೇಳಿಸಿದರೆ ನನ್ನವನು ಬದುಕಿ ಬಂದ ಎಂದರ್ಥ. ಆಗಲೇ ಬಾಣಲೆಗೆ ಎರಡು ಮೊಟ್ಟೆ ಒಡೆಯುತ್ತಿದ್ದೆ. “ಊರಿಗೆಲ್ಲ ಕಾರು ಜೋಡಿಸ್ತೀಯ, ನಿನ್ನದಕ್ಕೆ ಮದ್ದು ಗೊತ್ತಿಲ್ವಲ್ಲೋ” ಎಂದು ಬೀದಿಗೆ ಕೇಳುವ ಹಾಗೆ ಛೇಡಿಸುತ್ತಿದ್ದೆ. “ಈ ಶನಿವಾರ ನೋಡ್ತೀನಿ ಕಣೇ” ಎನ್ನುತ್ತಿದ್ದ, ಮೊಟ್ಟೆ ತಿನ್ನುತ್ತ, ಮೀಸೆಯಡಿ ನಗುತ್ತ. ಅವನ ಶನಿವಾರಗಳೆಲ್ಲ ಮುಗಿದವು, ನನಗೊಂದು ಮಾತು ಹೇಳಲಿಲ್ಲ.

ಅಂದು ನಾನು ಅತ್ತದ್ದಕ್ಕೆ ಹ್ಯುರಾನ್ ಹೊಳೆ ಉಕ್ಕಿ ಸೇತುವೆ ಮುಳುಗಿತು ಎಂದು ಲೋರೀನ್ ಈಗಲೂ ಹೇಳುತ್ತಾಳೆ. ಅವಳೇನು ಕಡಿಮೆ ಅಳಲಿಲ್ಲ.

“ನನ್ನ ಹೆಸರಿಟ್ಕೊಂಡು ಕುಂಟೋ ಕಾರು ಯಾವತ್ತೂ ಹೊರಗೆ ಹೋಗಿಲ್ಲ” ಎಂದ ಹಾಲಿಸ್, ಕೈ ಒರೆಸಿಕೊಳ್ಳುತ್ತ. “ಇದರ ಮೇಲೆ ಅವರ ಹೆಸರೇ ಇರ್ಲಿ. ಏಳನ್ನ ನಾನು ಸರಿ ಮಾಡ್ತೀನಿ. ಎಂಟನೇದು ಅವರು ಬಿಟ್ಟ ಹಾಗೇ ಇರುತ್ತೆ.”

ಎಲೆ ಉದುರುವ ಕಾಲಕ್ಕೆ ಒಂದು ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಬೀದಿಯ ತಿರುವಿನಲ್ಲಿ ಕೇಳಿಸಿತು. ಗುಡುಗುಡುಗುಡು... ಕ್.

ಕೈ ನನ್ನನ್ನು ಕೇಳಲಿಲ್ಲ. ನೋಡುವಷ್ಟರಲ್ಲಿ ಬಾಣಲೆಯಲ್ಲಿ ಎರಡು ಮೊಟ್ಟೆ ಚುರುಗುಟ್ಟುತ್ತಿದ್ದವು.

ಅಂಗಳದಲ್ಲಿ ಕಾರು ನಿಂತಿತ್ತು, ಇಂಜಿನ್ನು ಇನ್ನೂ ನಡೆಯುತ್ತಿತ್ತು. ಹಾಲಿಸ್ ಕಿಟಕಿಯಿಂದ ತಲೆ ಹೊರಹಾಕಿದ.

“ಆಫ್ ಮಾಡ್ಲಾ, ಓಪಲಮ್ಮ?”

“ಬೇಡ ಕಣೋ ಮಗಾ, ತಾಳು” ಎಂದೆ, ಬಾಗಿಲ ಕಂಬ ಹಿಡಿದುಕೊಂಡು. “ಆಫ್ ಮಾಡಿದ್ರೆ ಅವನು ಇಳಿದು ಬರ್ಬೇಕಲ್ಲ. ಬರ್ತಾ ಇದಾನೆ ಅಂತಾನೇ ಇರ್ಲಿ, ಇನ್ನೊಂದು ಗಳಿಗೆ.”

ಒಳಗೆ ಮೊಟ್ಟೆ ಸೀಯುತ್ತಿತ್ತು.