ಕರೆಂಟಿಲ್ಲದ ದಿನದ ಆಟ

ಖಾಕಿ ಅಂಗಿಯ ತೋಳಿಗೆ ನೀರು ಚಿಮುಕಿಸಿ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಗಾಳಿಗೆ ಬೀಸಿ ಬೂದಿ ಹಾರಿಸಿ, ಮಡಿಕೆಯ ಮೇಲೆ ಒತ್ತಿದ್ದೆ. ಸುಯ್ಯೆಂದು ಆವಿ ಎದ್ದಿತು. ಆ ಆವಿಯ ಆಚೆ, ಬಟ್ಟೆ ಸುತ್ತಲೆಂದು ತಂದಿಟ್ಟಿದ್ದ ರದ್ದಿ ಪತ್ರಿಕೆಯಲ್ಲಿ, ನಮ್ಮ ಓಣಿಯ ಪಾಲಾಕ್ಷನ ಹೆಸರು ಕಂಡಿತು.

ಆಗಷ್ಟೇ ನನಗೆ ಒತ್ತಕ್ಷರ ಕೂಡಿಸಿ ಓದಲು ಬಂದಿತ್ತು. ಇಸ್ತ್ರಿ ಮಾಡುತ್ತ ಮಾಡುತ್ತ ಸೀರೆ ಸುತ್ತುವ ಹಾಳೆ, ಪಂಚೆ ಸುತ್ತುವ ಹಾಳೆ, ಯಾವುದನ್ನೂ ಬಿಡದೆ ಓದುತ್ತಿದ್ದೆ. ಹಾಗಾಗಿ ಲೋಕದ ಸುದ್ದಿಯೆಲ್ಲ ನನಗೆ ಹಳಸಿದ ಮೇಲೆಯೇ ತಿಳಿಯುತ್ತಿತ್ತು. ಪಾಲಾಕ್ಷ ಗರಡಿ ಬೀದಿಯ ಹುಡುಗನೊಬ್ಬನಿಗೆ ಸೈಕಲ್ ಪಂಪಿನಿಂದ ಹೊಡೆದದ್ದು, ತಲೆಗೆ ಹೊಲಿಗೆ ಬಿದ್ದದ್ದು ಓಣಿಗೆಲ್ಲ ಗೊತ್ತೇ ಇತ್ತು. ಗೊತ್ತಿಲ್ಲದ್ದನ್ನು ಪತ್ರಿಕೆ ಹೇಳಿತ್ತು. ಕೊಟ್ರೇಶಿಯ ಅಂಗಡಿಯಲ್ಲಿ ವಿಡಿಯೋ ಗೇಮ್ ಆಡಿ ಆಡಿ ತಲೆ ಕೆಟ್ಟು, ಪರದೆಯೊಳಗಿನ ಹೊಡೆದಾಟವನ್ನು ಆ ಯುವಕ ಬೀದಿಗೆ ತಂದನಂತೆ.

ಕೊಟ್ರೇಶಿ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಹಿಟ್ಟಿನ ಗಿರಣಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳೇ ಟಿವಿಗಳನ್ನಿಟ್ಟು, ಗುಂಡಿ ಒತ್ತಿ ಆಡುವ ಆಟಗಳನ್ನು ತಂದಿದ್ದ. ಸುದ್ದಿ ಬಂದದ್ದೇ ತಡ, ಶೆಡ್ಡಿನ ಒಡೆಯ ಅಮಾವಾಸ್ಯೆಯೊಳಗೆ ಖಾಲಿ ಮಾಡು ಎಂದಿದ್ದ. ಕೊಟ್ರೇಶಿಯ ಹೆಂಡತಿ ಆಗ ತುಂಬಿದ ಬಸುರಿ.

ಹಾಳೆಯನ್ನು ಮಡಚಿ ಆ ಸಂಜೆ, ನಾವು ಹೆಂಗಸರು ಓದು ಕಲಿಯುತ್ತಿದ್ದ ರಾತ್ರಿ ಶಾಲೆಗೆ ಒಯ್ದೆ. ನಮ್ಮ ಮೇಷ್ಟ್ರು ಓಂಕಾರಪ್ಪನವರು ಅದನ್ನು ಗಟ್ಟಿಯಾಗಿ ಓದಿಸಿ, "ಈ ಆಟಾನ ನೀವ್ಯಾರು ಕಂಡಿದ್ದೀರಿ?" ಎಂದು ಕೇಳಿದರು. ಯಾರೂ ಕಂಡಿರಲಿಲ್ಲ, ಎಲ್ಲರೂ ಕೇಳಿದ್ದರು. "ಹಂಗಾದ್ರೆ ಹೋಗಿ ನೋಡ್ಕೊಂಡು ಬರ್ರಿ" ಎಂದರು. ನನ್ನ ಪಕ್ಕದಲ್ಲಿ ಸಿದ್ದಗಂಗಮ್ಮ ತಲೆ ಬಗ್ಗಿಸಿ ಸ್ಲೇಟು ಒರೆಸುತ್ತಿದ್ದಳು. ಪಾಲಾಕ್ಷ ಅವಳ ಮಗ.

ಸಂತೆಯ ದಿನ ಮಧ್ಯಾಹ್ನ ನಾವು ಹೆಂಗಸರು ಗುಂಪಾಗಿ ಕೊಟ್ರೇಶಿಯ ಶೆಡ್ಡಿಗೆ ನುಗ್ಗಿದೆವು. ಒಳಗಿದ್ದ ಹುಡುಗರು ತಮ್ಮ ತಾಯಂದಿರೇ ಬಂದರೆಂದು ಹೆದರಿ ಓಡಿದರು. ಆಡದೆ ತಿಳಿಯುವುದು ಹೇಗೆ ಎಂದು ನಾವೂ ಕೂತೆವು. ಪರದೆಯೊಳಗಿನ ನನ್ನ ಕಾರು ಹೊರಟದ್ದೇ ಹಳ್ಳಕ್ಕೆ ಬಿತ್ತು. ಬೀಡಿ ಕಟ್ಟುವ ಹನುಮಕ್ಕನ ಬೆರಳು ಮಾತ್ರ ಚುರುಕು. ಅವಳ ಬನಿಯನ್ನಿನ ಪೈಲ್ವಾನ ಎದುರಾಳಿಯನ್ನು ಒದ್ದು ಒದ್ದು ಮಲಗಿಸಿದ.

"ಈಗ ಯಾರಿಗಾದ್ರೂ ಬಾರಿಸಬೇಕು ಅನಿಸ್ತೈತಾ?" ಎಂದು ನಾನು ಪರೀಕ್ಷೆ ಮಾಡುವವಳಂತೆ ಕೇಳಿದೆ.

"ಅನಿಸ್ತೈತೆ ಕಣಕ್ಕ, ನಮ್ಮನೆಯವನಿಗೆ" ಎಂದಳು ಹನುಮಕ್ಕ. "ಆದ್ರೆ ಅದು ಆಟಕ್ಕೆ ಮುಂಚೇನೂ ಅನಿಸ್ತಿತ್ತು."

ನಕ್ಕು ಸುಸ್ತಾದೆವು. ಆದರೆ ಅದನ್ನು ಕೇಳಿದ ಮೇಷ್ಟ್ರು ನಗಲಿಲ್ಲ, ಇದೇ ಸರಿಯಾದ ಪ್ರಶ್ನೆ ಎಂದರು. ಆಡಿಯೂ ಹೊಡೆಯದವರೆಷ್ಟು, ಆಡದೆಯೂ ಹೊಡೆದವರೆಷ್ಟು, ಅದನ್ನು ವಿಚಾರಿಸಿ ಎಂದರು. ಖಾಕಿ ಅಂಗಿಯ ಪೊಲೀಸಪ್ಪನನ್ನು ವಿಚಾರಿಸಿದೆ. ನಲ್ಲಿ ನೀರಿಗೆ, ಬೇಲಿಗೆ, ಹೆಂಡಕ್ಕೆ ತಲೆ ಒಡೆದುಕೊಂಡು ಬಂದವರನ್ನೇ ತಾನು ಕಂಡದ್ದು, ಆಟದ ಮಾತು ಪೇಪರಿನವರು ಹೇಳಿದ ಮೇಲೆ ಕೇಳಿದ್ದು ಎಂದ. ನನ್ನ ರದ್ದಿಯ ಅಡಿಯಲ್ಲಿ ಇನ್ನೂ ಹಳೆಯ ಹಾಳೆಯೊಂದು ಸಿಕ್ಕಿತು. ಅದರಲ್ಲಿ ಇಂಥದೇ ಜಗಳ, ಇಂಥದೇ ಮಾತು. ಆಟದ ಜಾಗದಲ್ಲಿ ಟೆಂಟ್ ಸಿನಿಮಾ ಇತ್ತು, ಅಷ್ಟೆ.

ಎಲ್ಲಕ್ಕಿಂತ ದೊಡ್ಡ ಸಂಗತಿಯನ್ನು ಕೊಟ್ರೇಶಿ ಬಹಳ ಸಣ್ಣ ದನಿಯಲ್ಲಿ ಹೇಳಿದ್ದ.

"ಅವತ್ತು ಬೆಳಗಿನಿಂದ ಕರೆಂಟೇ ಇರಲಿಲ್ಲ ಅಕ್ಕಾ. ಪಾಲಾಕ್ಷ ಬಂದಿದ್ದ, ಆಡಲಿಲ್ಲ. ಹುಡುಗ್ರೆಲ್ಲ ಅಂಗಡಿ ಕಟ್ಟೆ ಮೇಲೆ ಕರೆಂಟಿಗೆ ಕಾಯ್ತಾ ಕೂತಿದ್ರು. ಪೇಪರ್ನೋರು ನನ್ನ ಕೇಳಿದ್ರೆ ಹೇಳ್ತಿದ್ದೆ."

ನಿಜವೆಂದು ನನಗೂ ನೆನಪಾಯಿತು. ಗಿರಣಿ ನಿಂತು, ಜೋಳದ ಚೀಲ ಹಾಗೇ ವಾಪಸು ತಂದಿದ್ದೆ. ಇದ್ದಿಲಿನ ಪೆಟ್ಟಿಗೆಯ ನನಗೆ ಕರೆಂಟಿನ ಹಂಗಿರಲಿಲ್ಲವಾದ್ದರಿಂದ ಮರೆತಿದ್ದೆ.

ಹಾಗಾದರೆ ಕಟ್ಟೆಯ ಮೇಲೆ ನಡೆದದ್ದೇನು? ಹುಡುಗರನ್ನು ಕೇಳಿದರೆ ನಮ್ಮ ಮುಖ ನೋಡಿ ಬೇರೆ ಕಡೆ ತಿರುಗಿದರು.

ಎಲ್ಲರೂ ಕೂಡಿ ಪತ್ರಿಕೆಗೆ ಕಾಗದ ಬರೆದೆವು. ಆಟದಿಂದ ಯಾರೂ ಕೆಡುವುದಿಲ್ಲ ಎಂದು ಬರೆಯಲು ಹೋದಾಗ ಮೇಷ್ಟ್ರು ತಡೆದರು. ಅದು ನಮಗೆ ಗೊತ್ತಿಲ್ಲ, ಗೊತ್ತಿರುವಷ್ಟೇ ಬರೆಯಿರಿ ಎಂದರು. ಆ ದಿನ ಕರೆಂಟ್ ಇರಲಿಲ್ಲ, ಆಟ ನಡೆದಿಲ್ಲ, ಪತ್ರಿಕೆ ಯಾರನ್ನೂ ಕೇಳಿಲ್ಲ ಎಂದು ಬರೆದೆವು. ಉಳಿದದ್ದು ಸಹಿ.

ಸಹಿಯ ವಿಷಯದಲ್ಲಿ ನಮ್ಮ ತರಗತಿಗೊಂದು ಕಟ್ಟುಪಾಡಿತ್ತು. ಹಿಂದೊಮ್ಮೆ ಬೀದಿ ದೀಪಕ್ಕೆ ಅರ್ಜಿ ಕೊಟ್ಟಾಗ ಗುಮಾಸ್ತನೊಬ್ಬ, ಹೆಬ್ಬೆಟ್ಟಿನವರು ದೀಪ ಹಚ್ಚಿ ಏನು ಓದುತ್ತೀರಿ ಎಂದಿದ್ದ. ಅಂದಿನಿಂದ ನಮ್ಮ ಯಾವ ಕಾಗದವೂ ಪ್ರತಿಯೊಬ್ಬಳ ಕೈಬರಹದ ಸಹಿ ಬೀಳದೆ ಹೊರಡಕೂಡದು. ಒಬ್ಬಳು ಒಲ್ಲೆನೆಂದರೂ ಅದು ಅಲ್ಲೇ ನಿಲ್ಲಬೇಕು. ಆ ಕಟ್ಟುಪಾಡೆಂದರೆ ನಮಗೆ ಹೆಮ್ಮೆ.

ಕಾಗದ ಸಿದ್ದಗಂಗಮ್ಮನ ಮುಂದೆ ಬಂತು. ಅವಳು ಅದನ್ನು ಪೂರ್ತಿ ಓದಿ ಪಕ್ಕಕ್ಕೆ ಸರಿಸಿದಳು. "ನಾನು ಹಾಕಲ್ಲ" ಎಂದವಳು ಎದ್ದು ಹೋದಳು, ಮತ್ತೆ ಶಾಲೆಗೆ ಬರಲಿಲ್ಲ. ಮಗನ ತಪ್ಪನ್ನು ಆಟದ ತಲೆಗೆ ಕಟ್ಟಿ ಹಗುರಾಗಿದ್ದಾಳೆ, ಅದನ್ನು ಹೇಗೆ ಕಿತ್ತುಕೊಳ್ಳುವುದು ಎಂದು ನಾವು ಮರುಗಿದೆವು. ಬಲವಂತ ಮಾಡಲಿಲ್ಲ.

ಅಮಾವಾಸ್ಯೆಗೆ ಕೊಟ್ರೇಶಿ ಟಿವಿಗಳನ್ನು ತಳ್ಳುಗಾಡಿಗೆ ಹೇರಿದ. ಹೆಂಡತಿ ಹಿಂದೆ ಹಿಂದೆ ನಡೆದಳು. ನಾನು ಇಸ್ತ್ರಿ ಮಾಡುವ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿ, "ಯಾವತ್ತಾದ್ರೂ ಆ ಕಾಗದ ಕಳಿಸಿದ್ರೆ, ಕರೆಂಟಿನ ಮಾತು ಮಾತ್ರ ಬಿಡಬೇಡ್ರಿ ಅಕ್ಕಾ" ಎಂದ. ಹತ್ತಿರದೂರಿನಲ್ಲಿ ಮತ್ತೆ ರೇಡಿಯೋ ಬಿಚ್ಚುತ್ತಿದ್ದಾನೆಂದು ಆಮೇಲೆ ಕೇಳಿದೆ.

ವರ್ಷಗಳು ಉರುಳಿದವು. ಮೇಷ್ಟ್ರು ತೀರಿಕೊಂಡರು, ಶಾಲೆ ಮುಚ್ಚಿತು. ಕಾಗದ ನನ್ನ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಉಳಿಯಿತು. ನನ್ನ ಮನೆಗೂ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಬಂದು ಇದ್ದಿಲಿನದು ಅಟ್ಟ ಸೇರಿತು. ಪಾಲಾಕ್ಷ ಲಾರಿ ಮೆಕ್ಯಾನಿಕ್ ಆದ, ಮಗಳ ತಂದೆಯಾದ. ಊರಿಗೆ ಮಾತ್ರ ಅವನು ಗೇಮ್ ಪಾಲಾಕ್ಷನೇ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಸಿದ್ದಗಂಗಮ್ಮ ಬಂದಳು. ಕೂದಲು ಪೂರ್ತಿ ನರೆತಿತ್ತು.

"ಆ ಕಾಗದ ಐತಾ?"

ಐತೆ ಎಂದೆ. ಕೂತು ಸೆರಗಿನಿಂದ ಗಾಳಿ ಬೀಸಿಕೊಂಡಳು. ಮೊಮ್ಮಗಳು ಫೋನಿನಲ್ಲಿ ಆಡುತ್ತಿದ್ದಾಗ ಪಕ್ಕದ ಮನೆಯಾಕೆ, ನಿಮ್ಮಪ್ಪನ ಹಾಗೆ ಆಗುತ್ತೀಯ ಎಂದಳಂತೆ. ಮಗು ಹೋಗಿ ಅಪ್ಪನನ್ನೇ ಕೇಳಿತಂತೆ.

"ಅವನು ನನ್ನ ಮುಂದೆ ಬಂದು ಕೂತ ಕಣೆ. ಹೊಡೆದಿದ್ದು ಆಟ ಅಲ್ಲವ್ವ, ನಾನು, ಅಂದ. ಆ ಹುಡುಗನ ಮನೆಗೆ ಹೋಗಿ ತಪ್ಪಾಯ್ತು ಅಂದ್ರೆ, ನಿಂದೇನೈತಪ್ಪ, ಎಲ್ಲ ಆ ಆಟದ್ದು ಅಂದ್ರಂತೆ. ತಪ್ಪೊಪ್ಪಿಕೊಳ್ಳೋಕೂ ನಂಗೆ ಜಾಗ ಇಲ್ದಂಗೆ ಆಯ್ತಲ್ಲವ್ವ ಅಂದ."

"ಅವತ್ತು ಆಗಿದ್ದಾದ್ರೂ ಏನು?"

ಅವಳು ಸೆರಗು ಬೀಸುವುದನ್ನು ನಿಲ್ಲಿಸಿದಳು. "ಆ ಹುಡುಗ ಕಟ್ಟೆ ಮೇಲೆ ಹಂಚಿನ ಚೂರು ಹಿಡ್ಕೊಂಡು ನಾನು ಸ್ಲೇಟು ತಿದ್ದೋದನ್ನ ಅಣಕಿಸಿದ್ನಂತೆ. ನಿಮ್ಮವ್ವನ್ನ ಬಾಲವಾಡಿಗೆ ಎತ್ಕೊಂಡು ಹೋಗೋರ್ಯಾರೋ ಅಂದ್ನಂತೆ. ಇವನು ಅವತ್ತೇ ನಂಗೊಬ್ಬಳಿಗೇ ಹೇಳಿದ್ದ. ಆಟ ಅಲ್ಲ ಅಂದ್ರೆ ಮತ್ತೇನು ಅಂತ ಕೇಳೇ ಕೇಳ್ತಿದ್ರು. ಹೆಂಗಸರು ಓದೋಕೆ ಹೋಗಿದ್ದಕ್ಕೆ ತಲೆ ಒಡೀತು ಅಂತ ಆಗ್ತಿತ್ತು. ನಿಮ್ಮನ್ನೆಲ್ಲ ನಿಮ್ಮ ಮನೆಯೋರು ಕಳಿಸ್ತಿದ್ರಾ?"

ಕಳಿಸುತ್ತಿರಲಿಲ್ಲ. ನಾನು ಪರೀಕ್ಷೆ ಕಟ್ಟಿದ್ದು, ಹನುಮಕ್ಕ ಹೆಂಗಸರ ಸಂಘದ ಅಧ್ಯಕ್ಷೆಯಾದದ್ದು, ಎಲ್ಲವೂ ಅವಳು ಹಾಕದ ಆ ಸಹಿಯ ನೆರಳಿನಲ್ಲಿ ನಡೆದಿತ್ತು. ಎದ್ದು ಟ್ರಂಕು ತೆರೆದೆ.

ಅವಳು ನಿಧಾನವಾಗಿ ಸಹಿ ಹಾಕಿದಳು. ಆಮೇಲೆ ಪೆನ್ನು ಬಿಡದೆ, ಕೆಳಗೆ ಒಂದು ಸಾಲು ಸೇರಿಸಿದಳು: ಹೊಡೆದದ್ದು ನನ್ನ ಮಗ, ಕೊಟ್ರೇಶಿಯ ಅಂಗಡಿಯಲ್ಲ.

"ಹಾಕ್ತಾರೇನೇ ಪೇಪರ್ನಾಗೆ, ಇಷ್ಟು ಹಳೇದನ್ನ?"

"ಹಾಕ್ಲಿ ಬಿಡ್ಲಿ. ನಾವು ಹೇಳಿದಂಗಾಯ್ತು. ಕೊಟ್ರೇಶಿಗೂ ಒಂದು ನಕಲು ಬರೆದು ಕಳಿಸ್ತೀನಿ" ಎಂದೆ.

ಟ್ರಂಕಿನ ತಳದಲ್ಲಿ ಬಿದ್ದು ಕಾಗದ ಸುಕ್ಕಾಗಿತ್ತು. ಹಾಗೆ ಕಳಿಸಲು ಮನಸ್ಸಾಗಲಿಲ್ಲ. ಸ್ವಿಚ್ಚು ಒತ್ತಿದರೆ ಕರೆಂಟ್ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅಟ್ಟದಿಂದ ಹಳೇ ಪೆಟ್ಟಿಗೆ ಇಳಿಸಿ ಇದ್ದಿಲು ಹೊತ್ತಿಸಿದೆ. ನೀರು ಚಿಮುಕಿಸಲಿಲ್ಲ, ಆವಿ ಏಳಲಿಲ್ಲ. ಮೇಷ್ಟ್ರ ಸಹಿಯ ಮೇಲೆ, ಹನುಮಕ್ಕನ ಸಹಿಯ ಮೇಲೆ, ಇನ್ನೂ ಹಸಿ ಆರದ ಆ ಕೊನೆಯ ಸಾಲನ್ನು ಬಿಟ್ಟು, ಹಗುರಾಗಿ ಪೆಟ್ಟಿಗೆ ಆಡಿಸಿದೆ.

ಲಕೋಟೆ ಹಿಡಿದು ಇಬ್ಬರೂ ಬಿಸಿಲಿನಲ್ಲಿ ಅಂಚೆ ಡಬ್ಬಿಯವರೆಗೆ ನಡೆದೆವು. ಸಿದ್ದಗಂಗಮ್ಮನೇ ಅದನ್ನು ಒಳಗೆ ಬಿಟ್ಟಳು. ಕೈಯಿಂದ ಜಾರುವಾಗ ಅದು ಇನ್ನೂ ಬೆಚ್ಚಗಿತ್ತಂತೆ.