ಒಂಬತ್ತನೇ ಬೆಡ್ಡು

ನಾಲ್ಕನೇ ಲೋಟ ನೀರೂ ಹೊಟ್ಟೆ ಸೇರಿತು. ಬಂದದ್ದು ಬರೀ ಬೆವರು.

"ಇನ್ನೊಂದ್ಸಲ ನೋಡೋಣ್ವಾ ಸಿಸ್ಟರ್?" ಅಂದಳು ಅಟೆಂಡರಮ್ಮ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಕಂಕುಳಲ್ಲಿ ಫಾರಮ್ಮು.

ಸಿಸ್ಟರ್ ಎದ್ದಳು. ನರ್ಸ್ ಕೆಲಸ ಹೋಗಿ ವರ್ಷವಾಗುತ್ತ ಬಂದಿದ್ದರೂ ಈ ಚಿಕಿತ್ಸಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಈಗ ಅವಳು ಲಾಂಡ್ರಿಯೊಂದರಲ್ಲಿ ಹೋಟೆಲುಗಳ ಬೆಡ್‌ಶೀಟು ಮಡಚುತ್ತಿದ್ದಳು. ಆಸ್ಪತ್ರೆಯ ಬೀರುವಿನಿಂದ ನೋವಿನ ಇಂಜೆಕ್ಷನ್ ಕದ್ದು ತನಗೇ ಚುಚ್ಚಿಕೊಳ್ಳುತ್ತಿದ್ದವಳು ಸಿಕ್ಕಿಬಿದ್ದಾಗ, ನ್ಯಾಯಾಧೀಶರು ಅವಳ ಮುಂದೆ ಎರಡು ದಾರಿ ಇಟ್ಟಿದ್ದರು. ಎರಡು ವರ್ಷ ಜೈಲು, ಇಲ್ಲವೇ ಹದಿನೆಂಟು ತಿಂಗಳು ಚಿಕಿತ್ಸೆ, ಅದರ ಜೊತೆಗೆ ವಾರಕ್ಕೆರಡು ಸಲ ಮೂತ್ರ ಪರೀಕ್ಷೆ. ಏಳು ತಿಂಗಳು ಒಂದು ಚುಕ್ಕೆಯೂ ಬೀಳದ ಹಾಗೆ ಕಳೆದಿದ್ದಳು. ಈಗ ಎರಡು ವಾರದಿಂದ ಈ ಗ್ರಹಚಾರ. ಒಳಗೆ ಔಷಧದ ಒಂದು ಹನಿ ಇಲ್ಲ, ಅದನ್ನು ತೋರಿಸಿಕೊಡಲು ಮೂತ್ರವೂ ಇಲ್ಲ.

ಪರೀಕ್ಷೆಯ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಯಾರೂ ಡಬ್ಬಿಗೆ ನೀರು ಬೆರೆಸದಿರಲಿ ಅಂತ ನಲ್ಲಿಯ ತಿರುಪು ಕಿತ್ತಿಟ್ಟಿದ್ದರು, ಕಮೋಡಿನ ನೀರಿಗೂ ನೀಲಿ ಬಣ್ಣ ಹಾಕಿದ್ದರು. ಅಟೆಂಡರಮ್ಮ ಎದುರಿಗೇ ನಿಂತು ಕಣ್ಣು ಕೀಳದೆ ನೋಡುತ್ತಿರಬೇಕು. ಅದು ನಿಯಮ. ಹದಿನಾಲ್ಕು ವರ್ಷ ರೋಗಿಗಳ ಕೆಳಗೆ ಬೆಡ್‌ಪ್ಯಾನ್ ತಳ್ಳಿ, "ಹ್ಞೂಂ, ಬೇಗ ಬೇಗ, ನನಗಿನ್ನೂ ಹತ್ತು ಜನ ಕಾಯ್ತಿದಾರೆ" ಎಂದು ಗದರಿದ್ದವಳು ಇವಳು. ಅವರೆಲ್ಲರ ಶಾಪ ಒಟ್ಟಿಗೇ ತಟ್ಟಿದೆ ಎಂದು ಜೊತೆಯವರು ನಗೆಯಾಡುತ್ತಿದ್ದರು. ಅವಳೂ ನಕ್ಕಂತೆ ಮಾಡುತ್ತಿದ್ದಳು.

"ಆಗುತ್ತೆ, ಆಗುತ್ತೆ. ಅವಸರ ಏನಿಲ್ಲ," ಅಂದಳು ಅಟೆಂಡರಮ್ಮ.

ಆ ಮಾತೇ ಅವಳನ್ನು ಕಟ್ಟಿಹಾಕುತ್ತಿದ್ದದ್ದು. ಹಳೆಯ ಅಟೆಂಡರ್‌ಗೆ ವರ್ಗವಾಗಿ ಈಕೆ ಬಂದ ಮೊದಲ ದಿನವೇ ಆ ದನಿ ಕೇಳಿ ಸಿಸ್ಟರಿನ ಮೈಯೆಲ್ಲ ಬಿಗಿದುಕೊಂಡಿತ್ತು. ಅವಳ ವಾರ್ಡಿನಲ್ಲಿ ಒಂಬತ್ತನೇ ಬೆಡ್ಡಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಡನ ಕಾಲು ಒತ್ತುತ್ತ, "ಕಮ್ಮಿ ಆಗುತ್ತೆ, ಆಗುತ್ತೆ" ಅನ್ನುತ್ತಿದ್ದ ಹೆಂಗಸು. ಅದೇ ದನಿ, ಅದೇ ನಿಧಾನ.

ಎದ್ದು ಬಟ್ಟೆ ಸರಿಮಾಡಿಕೊಂಡು ಅವಳು ನೇರ ತನ್ನ ಕೇಸು ನೋಡಿಕೊಳ್ಳುವ ಆಫೀಸರ್ ಕೋಣೆಗೆ ಹೋದಳು. ಗಾಜಿನ ಗೋಡೆಯ ಕೋಣೆ, ಮೇಜಿನ ತುಂಬ ಕಡತ. ಆಫೀಸರ್ ಒಳ್ಳೆಯ ಮನುಷ್ಯ, ಆದರೆ ಗಡಿಯಾರ ಬಿಟ್ಟು ಕದಲುವವನಲ್ಲ.

"ಬೇರೆ ಯಾರನ್ನಾದ್ರೂ ನಿಲ್ಲಿಸಿ ಸರ್."

"ಹೆಂಗಸು ಅಂತ ಇಲ್ಲಿರೋದು ಅವರೊಬ್ರೇ. ಪಕ್ಕದ ಕೇಂದ್ರದಿಂದ ಕರೆಸಬೇಕು ಅಂದ್ರೆ ಕಾರಣ ಬರೆದುಕೊಡಿ."

ಅವನು ಮುಂದೆ ತಳ್ಳಿದ ಹಾಳೆಯನ್ನು ಅವಳು ವಾಪಸು ತಳ್ಳಿದಳು.

"ನೋಡಿ ಸಿಸ್ಟರ್, ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಆದ್ರೆ ಇದು ಮೂರನೇ ಸಲ. ಐದು ಗಂಟೆ ಆಯ್ತು ಅಂದ್ರೆ, 'ಮೂತ್ರ ಕೊಡಲ್ಲ ಅಂದ್ರು' ಅಂತಲೇ ಕೋರ್ಟಿಗೆ ಬರೆದು ಕಳಿಸಬೇಕಾಗುತ್ತೆ. ಆಮೇಲೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?"

ಬೇಕಿರಲಿಲ್ಲ. ಅವಳ ಮಗಳು ಅಕ್ಕನ ಮನೆಯಲ್ಲಿದ್ದಳು. ಹತ್ತು ವರ್ಷದ ಹುಡುಗಿ. ಪ್ರತಿ ಭಾನುವಾರ ಬಂದವಳೇ ಅಮ್ಮನ ಗಲ್ಲ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ದೊಡ್ಡ ಡಾಕ್ಟರ ಹಾಗೆ ಕಣ್ಣು ಪರೀಕ್ಷಿಸಿ, "ಪರವಾಗಿಲ್ಲ" ಎಂದು ತೀರ್ಪು ಕೊಟ್ಟ ಮೇಲೆಯೇ ಮಡಿಲಿಗೆ ಬರುತ್ತಿದ್ದಳು. ಇನ್ನು ಹನ್ನೊಂದು ತಿಂಗಳು ಹೀಗೇ ಕಳೆದರೆ ಹುಡುಗಿ ಮನೆಗೆ ಬರುತ್ತಾಳೆ. ಜೈಲಾದರೆ ಯಾವಾಗ ಬರುತ್ತಾಳೋ, ಬರುತ್ತಾಳೋ ಇಲ್ಲವೋ.

ಕಾರಣ ಬರೆದುಕೊಡುವುದು ಹೇಗೆ? ಎಷ್ಟು ಇಂಜೆಕ್ಷನ್ ಹೋಯಿತು ಅಂತ ಮಾತ್ರ ಕೋರ್ಟು ಕೇಳಿತ್ತು. ಹೋದದ್ದರ ಜಾಗಕ್ಕೆ ಏನು ಬಂತು ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ವಾರವಾರ ಎಲ್ಲರೂ ಸುತ್ತ ಕೂತು ಮನಸ್ಸು ಬಿಚ್ಚುವ ಸಭೆಯಲ್ಲಿ ಅವಳು ಎಲ್ಲರಿಗಿಂತ ಚೆನ್ನಾಗಿ ಅತ್ತಿದ್ದಳು, ಆದರೆ ಈ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ. ಅದನ್ನು ಹೇಳಿದರೆ ಹೊಸ ಕೇಸು. ಹೇಳದಿದ್ದರೆ ಇದು, ಈ ಬಿಗಿದ ಹೊಟ್ಟೆ. ಎರಡೂ ಕಡೆಯಿಂದ ಜೈಲೇ ಅಂದಮೇಲೆ ಇನ್ನು ಯಾರಿಗೆ ಹೆದರಿ ಏನಾಗಬೇಕು ಅನ್ನಿಸಿತು. ನಾಲ್ಕೂ ಮುಕ್ಕಾಲಿಗೆ ಅವಳು ವಾಪಸು ಹೋಗಿ ಅಟೆಂಡರಮ್ಮನ ಎದುರು ನಿಂತಳು.

"ಅಮ್ಮಾ, ನಿಮ್ಮ ಯಜಮಾನ್ರು ದೊಡ್ಡಾಸ್ಪತ್ರೆ ಮೂರನೇ ಮಹಡೀಲಿದ್ರಲ್ವಾ? ಒಂಬತ್ತನೇ ಬೆಡ್ಡು?"

ಅಟೆಂಡರಮ್ಮ ಬೆಚ್ಚಿದಳು. "ನಿಮಗೆ ಹೇಗೆ ಗೊತ್ತು?"

"ಮಧ್ಯಾಹ್ನದ ಡ್ಯೂಟಿ ನಂದೇ. ಮುಖಕ್ಕೆ ಮಾಸ್ಕ್ ಇರ್ತಿತ್ತು."

"ಅಯ್ಯೋ, ಆ ಸಿಸ್ಟರ್ ನೀವಾ!" ಅಟೆಂಡರಮ್ಮನ ಮುಖ ಅರಳಿತು. ಫಾರಮ್ಮನ್ನು ಕಿಟಕಿಕಟ್ಟೆಯ ಮೇಲಿಟ್ಟು ಅವಳ ಕೈ ಹಿಡಿದುಕೊಂಡಳು. "ನನ್ನ ಕಣ್ಣಿಗೇನಾಗಿತ್ತು! ದಿಂಬು ಎತ್ತಿ ಕೊಡ್ತಿದ್ರಿ, ಊಟ ಆಯ್ತಾ ಅಂತ ನನ್ನೂ ಕೇಳ್ತಿದ್ರಿ. ಅಲ್ಲಿ ಅಷ್ಟು ಮಾತಾಡಿಸಿದವರು ನೀವೊಬ್ರೇ."

ಮಾತು ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಹಿಡಿದ ಕೈ ಬೆಚ್ಚಗಿತ್ತು. ಹೂಂ ಅಂದು ಸುಮ್ಮನಾಗಿದ್ದರೆ ಒಂದು ಸ್ನೇಹವೇ ಸಿಗುತ್ತಿತ್ತೇನೋ. ಸಿಸ್ಟರ್ ಕೈ ಬಿಡಿಸಿಕೊಂಡಳು.

"ಪೂರ್ತಿ ಕೇಳಿ. ಕೊನೇ ವಾರ ನಾನು ಅವರಿಗೆ ಚುಚ್ಚಿದ್ದು ಔಷಧ ಅಲ್ಲ. ಬರೀ ಉಪ್ಪುನೀರು. ಔಷಧ ನಾನು ತಗೊಂಡೆ."

ಗೋಡೆಯ ಮೇಲಿನ ಫ್ಯಾನು ಗೊರಗೊರ ತಿರುಗುತ್ತಿತ್ತು.

"ಕೊನೇ ವಾರ ಪೂರ್ತಿ?"

"ಐದು ದಿನ. ನನ್ನ ಡ್ಯೂಟಿ ಇದ್ದಾಗೆಲ್ಲ."

"ಅವರು ಕೂಗ್ತಿದ್ರು," ಅಂದಳು ಅಟೆಂಡರಮ್ಮ. ದನಿ ಏರಲಿಲ್ಲ. "ಸೂಜಿ ಚುಚ್ಚಿ ಅರ್ಧ ಗಂಟೆ ಆದ್ರೂ ಕೂಗ್ತಿದ್ರು. ನಾನು ಏನಂದೆ ಗೊತ್ತಾ? ಇಂಜೆಕ್ಷನ್ ಕೊಟ್ಟಾಯ್ತಲ್ಲ, ಇನ್ನೂ ಯಾಕೆ ಹೀಗಾಡ್ತೀರಿ, ಅಕ್ಕಪಕ್ಕದವರು ನೋಡ್ತಿದಾರೆ, ನಾಚಿಕೆ ಆಗಲ್ವಾ ಅಂದೆ. ಮೂವತ್ತು ವರ್ಷದಲ್ಲಿ ಅವರಿಗೆ ಒಂದು ಗಟ್ಟಿ ಮಾತು ಆಡಿದವಳಲ್ಲ ನಾನು. ಆಮೇಲೆ ಅವರು ಕೂಗಲಿಲ್ಲ. ಬೆಡ್‌ಶೀಟ್ ಕಚ್ಕೊಂಡ್ರು."

ಸಿಸ್ಟರಿಗೆ ಕ್ಷಮಿಸಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಆಡಲು ಅವಳಿಗೆ ನಾಚಿಕೆಯಾಯಿತು. ಅಷ್ಟು ಅಗ್ಗದ ಮಾತು ಅದು. ತಲೆ ತಗ್ಗಿಸದೆ ನಿಂತಳು. ನೋಡಲಿ, ಎಷ್ಟು ಬೇಕೋ ಅಷ್ಟು ನೋಡಲಿ.

ಅಟೆಂಡರಮ್ಮ ಗಡಿಯಾರದ ಕಡೆ ತಿರುಗಿದಳು. ಐದಕ್ಕೆ ಎಂಟು ನಿಮಿಷ. ಅವಳು ಏನೂ ಮಾಡಬೇಕಾಗಿರಲಿಲ್ಲ, ಎಂಟು ನಿಮಿಷ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಕಿಟಕಿಕಟ್ಟೆಯಿಂದ ಫಾರಮ್ಮು ತೆಗೆದುಕೊಂಡು, ಡಬ್ಬಿಯ ಮುಚ್ಚಳ ತಿರುಗಿಸಿ ಮುಂದೆ ಹಿಡಿದಳು.

"ಕೂತ್ಕೋ," ಅಂದಳು. ನೀವು ಹೋಗಿ ನೀನು ಬಂದಿತ್ತು. "ನಾನು ನೋಡ್ತಿದೀನಿ. ಕೂತ್ಕೋ."

ಸಿಸ್ಟರ್ ಕೂತಳು. ಈ ಸಲ ಗೋಡೆ ನೋಡಲಿಲ್ಲ, ನೆಲ ನೋಡಲಿಲ್ಲ, ಅಟೆಂಡರಮ್ಮನ ಮುಖವನ್ನೇ ನೋಡಿದಳು. ಆ ಕಣ್ಣು ಒದ್ದೆಯಾಗಿತ್ತು, ಆದರೆ ರೆಪ್ಪೆ ಬಡಿಯಲಿಲ್ಲ. ಮೊದಲು ತೊಟ್ಟು ತೊಟ್ಟಾಗಿ, ಆಮೇಲೆ ಧಾರೆಯಾಗಿ, ನಾಲ್ಕು ಲೋಟದ ನೀರೂ ಬಂತು.

ಆಗತಾನೇ ಬಂದ ಮೂತ್ರವೇ ಅನ್ನುವುದಕ್ಕೆ ಗುರುತಾಗಿ, ಅಟೆಂಡರಮ್ಮ ಡಬ್ಬಿಗೆ ಅಂಟಿಸಿದ್ದ ತಾಪದ ಪಟ್ಟಿಯಲ್ಲಿ ಬಿಸಿ ಎಷ್ಟಿದೆ ನೋಡಿ ಬರೆದುಕೊಂಡಳು. ವೇಳೆ ಬರೆದಳು, ನಾಲ್ಕು ಐವತ್ತಾರು. ಸೀಲು ಹಾಕಿ, ಸಹಿ ಮಾಡಿಸಿಕೊಂಡು ಹೊರಟುಹೋದಳು.

ಆಫೀಸರ್ ಗಾಜಿನ ಹಿಂದಿನಿಂದಲೇ ನಕ್ಕ. "ಅಂತೂ ಬಂತಲ್ಲ! ಉಸಿರು ಬಿಡಿ ಇನ್ನು. ಮನೆಗೆ ಹೋಗಿ."

"ಒಂದು ಬಿಳಿ ಹಾಳೆ ಬೇಕು ಸರ್. ನ್ಯಾಯಾಧೀಶರಿಗೆ ಬರೀಬೇಕು."

"ಏನಂತ?"

"ಮೊದಲು ಹೇಳದೆ ಬಿಟ್ಟಿದ್ದು ಒಂದಿದೆ."

ಅವನ ನಗು ಇಳಿಯಿತು. "ವಕೀಲರನ್ನ ಕೇಳಿದ್ರಾ?"

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳ್ಲಿಲ್ಲ."

ಅವನು ಎರಡು ಹಾಳೆ ಎಣಿಸಿ ಕೊಟ್ಟ. ಕಾಯುವ ಕೋಣೆ ಖಾಲಿಯಾಗಿತ್ತು. ಮೂಲೆಯ ಮೇಜಿನ ಮೇಲೆ ಹಾಳೆ ಹರಡಿದಾಗ ಮಗಳ ನೆನಪಾಯಿತು. ಭಯವಾಯಿತು, ನಿಜ. ಭಾನುವಾರ ಹುಡುಗಿ ಬಂದಾಗ ಅಮ್ಮನೇ ಮೊದಲು ಕೂರಿಸಿ ಹೇಳಬೇಕು, ಬೇರೆಯವರ ಬಾಯಿಂದ ಕೇಳಬಾರದು ಎಂದುಕೊಂಡು ಪೆನ್ನು ಒತ್ತಿ ಹಿಡಿದಳು.

ಮಾನ್ಯರೇ ಎಂದು ಬರೆದಳು. ಆಸ್ಪತ್ರೆಯ ಹೆಸರು, ವಾರ್ಡು, ತಾರೀಕು. ಒಂಬತ್ತನೇ ಬೆಡ್ಡಿನಲ್ಲಿದ್ದ, ಎಂದು ಬರೆದು ಕೈ ನಿಂತಿತು. ಅವರಿಗೆ ಎಷ್ಟು ಗಂಟೆಗೊಮ್ಮೆ ಎಷ್ಟು ಔಷಧ ಅನ್ನುವುದು ಅವಳಿಗೆ ಬಾಯಿಪಾಠವಿತ್ತು. ಯಾವ ಕೈಯಲ್ಲಿ ನರ ಸಿಗುತ್ತಿತ್ತು ಅನ್ನುವುದೂ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ತಿಂಗಳಿಡೀ ನೋಡಿಕೊಂಡ ಮನುಷ್ಯನ ಹೆಸರನ್ನು ಅವಳು ಒಂದು ದಿನವೂ ಓದಿರಲಿಲ್ಲ.

ಹೊರಗಿನ ಮೊಗಸಾಲೆಯಲ್ಲಿ ಅಟೆಂಡರಮ್ಮ ಆ ದಿನದ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಸಿಸ್ಟರ್ ಹಾಳೆ ಹಿಡಿದುಕೊಂಡೇ ಹೋದಳು.

"ಅಮ್ಮಾ, ಅವರ ಹೆಸರೇನು?"

ಅಟೆಂಡರಮ್ಮ ಕಾಗದ ನೋಡಿದಳು. ಕೊನೆಯ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. ಆಮೇಲೆ ಹೆಸರು ಹೇಳಿದಳು, ನಿಧಾನವಾಗಿ, ಎರಡು ಸಲ. ಸಿಸ್ಟರ್ ಪೆಟ್ಟಿಗೆಯ ಮುಚ್ಚಳದ ಮೇಲೇ ಹಾಳೆಯಿಟ್ಟು ಬರೆದಳು.

ಅಟೆಂಡರಮ್ಮ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡಳು. ಗಂಡನ ಹೆಸರಿನ ಕೆಳಗೆ ಬೆರಳಿಟ್ಟು ಓದಿ, ಮತ್ತೆ ಅವಳ ಕಡೆಗೆ ತಿರುಗಿಸಿದಳು. ಬೆರಳು ತೆಗೆದಳು.

"ಮುಂದೆ ಬರಿ," ಅಂದಳು.